ಹೆಂಗಸರ ಸಾಲಿನ ಹಿಂದೆ ನಿಂತ ದಲ್ಲಾಳಿ

ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ಎಲ್ಲೆಲ್ಲಿದೆ ಎಂದು ಮೈಯೆಲ್ಲ ಹುಡುಕುತ್ತಾನೆ. ಅದೇ ರೈತ ತನ್ನ ಮೈಯನ್ನು ವರ್ಷಕ್ಕೊಮ್ಮೆಯಾದರೂ ಹಾಗೆ ನೋಡಿಕೊಂಡಿರುವುದಿಲ್ಲ. ನಾನೂ ನೋಡಿಕೊಂಡಿರಲಿಲ್ಲ. ಆದ್ದರಿಂದ ಇದನ್ನು ಓದುತ್ತಿರುವವರು ಮೊದಲು ಒಂದು ಕೆಲಸ ಮಾಡಿ. ಅಂಗಿ ಕಳಚಿ, ಬೆಳಕಿಗೆ ನಿಂತು, ಮನೆಯವರಿಗೆ ಬೆನ್ನು ತೋರಿಸಿ. ಬಣ್ಣ ಮಾಸಿದ ಮಚ್ಚೆ ಇದ್ದರೆ ಅದರ ಮೇಲೆ ಕೋಳಿಪುಕ್ಕ ಆಡಿಸಲು ಹೇಳಿ. ಕಚಗುಳಿ ಆದರೆ ಸಂತೋಷ, ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗಿ. ಆಗದಿದ್ದರೆ ಮುಂದಕ್ಕೆ ಓದಿ. ನಾನು ಗುಣವಾದವನು. ಹೆದರಿಸಲಿಕ್ಕೆಂದು ಬರೆಯುತ್ತಿಲ್ಲ.

ನನ್ನ ಹೆಸರು ಯೋಹಾನಪ್ಪ. ಗುಬ್ಬಿ ಸಂತೆಯಲ್ಲಿ ಎತ್ತಿನ ದಲ್ಲಾಳಿ. ನಮ್ಮಪ್ಪ ಮಿಷನ್ ಬಂಗಲೆಯ ತೋಟದಲ್ಲಿ ನೀರು ಹೊತ್ತು, ಅಲ್ಲೇ ದೀಕ್ಷಾಸ್ನಾನ ಪಡೆದು, ನನಗೆ ಈ ಹೆಸರನ್ನೂ ಒಂದು ಹರಕು ಕಂಬಳಿಯನ್ನೂ ಬಿಟ್ಟು ಹೋದ. ಉಳಿದದ್ದೆಲ್ಲ ನಾನೇ ಮಾಡಿಕೊಂಡದ್ದು. ಮೊದಲು ಬೇರೆಯವರ ದನ ಹೊಡೆದುಕೊಂಡು ತುಮಕೂರು, ಕುಣಿಗಲ್ ಎಂದು ತಿರುಗಿದೆ. ಆಮೇಲೆ ದನದ ಲಕ್ಷಣ ಕಲಿತೆ. ಕೊನೆಗೆ ಮನುಷ್ಯರ ಲಕ್ಷಣ ಕಲಿತೆ, ಅದರಿಂದ ಹೊಟ್ಟೆ ತುಂಬಿತು.

ದನದ ವ್ಯಾಪಾರ ಕಾಣದವರಿಗೆ ಒಂದು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ತನ್ನ ಬಲಗೈ ಮೇಲೆ ಟವೆಲು ಹೊದಿಸುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ಹಾಕಿ ದಲ್ಲಾಳಿಯ ಬೆರಳು ಹಿಡಿಯುತ್ತಾನೆ. ಮೊದಲು ನೂರರ ಲೆಕ್ಕ, ಆಮೇಲೆ ಹತ್ತರ ಲೆಕ್ಕ; ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಟವೆಲು ಅಲುಗಾಡುವುದು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಆಮೇಲೆ ದಲ್ಲಾಳಿ ಮಾರುವವನ ಹತ್ತಿರ ಹೋಗಿ ಅದೇ ಟವೆಲಿನ ಕೆಳಗೆ ಅವನ ಬೆರಳು ಹಿಡಿದು ಬೆಲೆ ಮುಟ್ಟಿಸುತ್ತಾನೆ. ನಡುವೆ ಸ್ವಲ್ಪ ಮುಕ್ಕುವ ದಲ್ಲಾಳಿಗೆ ಅವಕಾಶವೆಲ್ಲ ಇರುವುದು ಈ ಎರಡು ಟವೆಲುಗಳ ನಡುವಿನ ನಡಿಗೆಯಲ್ಲಿ.

ನಾನು ನಮ್ಮ ಕ್ರೈಸ್ತ ಸಭೆಗೆ ಪೂರ್ಣ ಸದಸ್ಯನಾದ ದಿನ, ಆಗಿನ ಸಭಾಪಾಲಕರು ಈ ಕಸುಬು ಮಾಡಿಕೊಂಡು ನಿರ್ಮಲವಾಗಿ ಬದುಕುವುದು ಹೇಗೆಂದು ಕೇಳಿದ್ದರು. ನಾನು ಎರಡು ಕಡೆಗೂ ಒಂದೇ ಬೆಲೆ ಎಂದೆ. ಅದೇ ನನ್ನ ಪ್ರತಿಜ್ಞೆ. ಕುಡಿತವಿಲ್ಲ, ಬೀಡಿಯಿಲ್ಲ, ಪರರ ಹೆಣ್ಣಿನ ಕಡೆ ಕಣ್ಣಿಲ್ಲ, ಎರಡು ಕಡೆಗೂ ಒಂದೇ ಬೆಲೆ. ಹಾಗೆಂದು ಸುಮ್ಮನೆ ಒಳ್ಳೆಯವನಾಗಿದ್ದೆ ಎನ್ನಬೇಡಿ. ಆ ಮಾತು ಕುಣಿಗಲ್‌ವರೆಗೆ ಹರಡಿ ನನಗೆ ಗಿರಾಕಿ ತಂದಿತು. ದೇವರಿಗೂ ಲಾಭ, ನನಗೂ ಲಾಭ ಎಂದುಕೊಂಡಿದ್ದೆ.

ನಯಾಪೈಸೆ ಬಂದ ಹೊಸತು. ಕುಣಿಗಲ್ ಕಡೆಯ ನಂಜೇಗೌಡರು ಒಂದು ಜೊತೆ ಎತ್ತಿಗೆ ಬಂದಿದ್ದರು. ದೊಡ್ಡ ಆಳು, ದೊಡ್ಡ ಮೀಸೆ, ಮಾತು ಕಡಿಮೆ. ಟವೆಲಿನ ಕೆಳಗೆ ಕೈ ಹಾಕಿ ನೂರರ ಲೆಕ್ಕಕ್ಕೆ ಎರಡು ಬೆರಳು ಹಿಡಿದರು. ಆಮೇಲೆ ಹತ್ತರ ಲೆಕ್ಕಕ್ಕೆ ಹಿಡಿದರು. ನನಗೆ ತಿಳಿದದ್ದು ತೋರುಬೆರಳು, ನಡುಬೆರಳು. ಇನ್ನೂರಿಪ್ಪತ್ತು ಎಂದು ಮಾರುವ ರೈತನಿಗೆ ಮುಟ್ಟಿಸಿದೆ. ಅವನು ಸ್ವಲ್ಪ ಕೊಸರಾಡಿ ಒಪ್ಪಿದ. ನಾನು ಹಗ್ಗ ಬದಲಾಯಿಸಿ ಕೊಡುವಷ್ಟರಲ್ಲಿ ಗೌಡರು ರೊಕ್ಕವನ್ನು ನೇರ ಅವನ ಕೈಗೇ ಇಟ್ಟರು. ಅವನು ಎಣಿಸಿ ನೋಡಿ ನನ್ನ ಮುಖ ನೋಡಿದ.

"ಇನ್ನೂರನಲ್ವತ್ತದೆ. ನೀನು ನಂಗೆ ಇಪ್ಪತ್ತು ಅಂದ್ಯಲ್ಲಣ್ಣ."

ನಾನು ಗೌಡರ ಕಡೆ ತಿರುಗಿದೆ. ಅವರು ಎಲ್ಲರಿಗೂ ಕಾಣುವಂತೆ ನಾಲ್ಕು ಬೆರಳು ಎತ್ತಿ ತೋರಿಸಿದರು. ಹತ್ತರ ಲೆಕ್ಕಕ್ಕೆ ಅವರು ನಾಲ್ಕು ಬೆರಳು ಹಿಡಿದಿದ್ದರು. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಸೇರಿಸಿ. ಅವು ನನಗೆ ತಿಳಿದೇ ಇರಲಿಲ್ಲ.

ಸಂತೆಯಲ್ಲಿ ಯಾರೂ ಕೂಗಾಡಲಿಲ್ಲ. ಪಕ್ಕದ ದಲ್ಲಾಳಿಯೊಬ್ಬ ಎಲೆ ಅಡಿಕೆ ಉಗಿದು, "ಅಂತೂ ನಮ್ ಪೈಕಿ ಬಂದ್ಯಲ್ಲಪ್ಪ ಯೋಹಾನಪ್ಪ, ಬಾ ಬಾ," ಎಂದ. ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. ಎತ್ತು ಹೊಡೆದುಕೊಂಡು ಹೋಗುವಾಗ ಒಂದೇ ಮಾತು ಹೇಳಿದರು: "ನಿನ್ನ ನಂಬಿ ಅಷ್ಟು ದೂರದಿಂದ ಬರ್ತಿದ್ದೆ ಕಣಯ್ಯ."

ನಾನು ಮೋಸ ಮಾಡಿರಲಿಲ್ಲ. ಆದರೆ ಮೋಸ ಮಾಡಿದವನೂ ಇದೇ ಮಾತನ್ನು, ಇದೇ ಮುಖ ಇಟ್ಟುಕೊಂಡು ಹೇಳುತ್ತಾನೆ. ಅದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಆದ್ದರಿಂದ ಆ ಮಾತು ಬಿಟ್ಟು ಹಗ್ಗ ಸುತ್ತಿಕೊಂಡು ಹೊರಟೆ.

ಮನೆಗೆ ಬಂದು ಹೆಂಡತಿ ಸುಗುಣಮ್ಮನಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ನನ್ನ ಬಲಗೈ ಎಳೆದುಕೊಂಡಳು. ಕಿರುಬೆರಳ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಸುಟ್ಟದ್ದು. ಅದನ್ನು ಅವಳು ನೋಡಿದ್ದಳು, ನಾನು ನೋಡಿರಲಿಲ್ಲ. "ಇಷ್ಟು ಸುಟ್ಟಿದ್ರೂ ನೀವು ಉಶ್ ಅನ್ಲಿಲ್ಲ. ಆವಾಗಿಂದ ಅದೇ ಯೋಚನೆ ನಂಗೆ," ಎಂದಳು. ಆಮೇಲೆ ತೋಳಿನ ಮಚ್ಚೆ ನೋಡಿದಳು. ಮೊಣಕೈ ಮೇಲೆ ಅಂಗೈಯಗಲದ ಮಾಸಲು ಮಚ್ಚೆ. ನಾನು ಚಿಬ್ಬು ಎಂದುಕೊಂಡು ಬೇವಿನೆಣ್ಣೆ ಹಚ್ಚುತ್ತಿದ್ದೆ. ಸೀರೆಯಿಂದ ಪಿನ್ನು ತೆಗೆದು ಚುಚ್ಚಿದಳು. ನನಗೆ ತಿಳಿದದ್ದು ಅವಳ ಮುಖ ನೋಡಿ.

ತುಮಕೂರಿನ ಆಸ್ಪತ್ರೆಯಲ್ಲಿ ಆ ರೋಗದವರನ್ನು ವಾರಕ್ಕೊಮ್ಮೆ, ಹಿಂಭಾಗದ ಜಗಲಿಯಲ್ಲಿ ನೋಡುತ್ತಿದ್ದರು. ಮುಂಬಾಗಿಲಿನಿಂದ ಹೋಗುವಂತಿಲ್ಲ ಎಂದು ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಹಿಂದಿನಿಂದಲೇ ಬರುತ್ತಿದ್ದರು. ಬಸ್ಸಿನಲ್ಲಿ ಹೋಗುವವರಿಗೆ ನನ್ನ ಸಲಹೆ: ಆಸ್ಪತ್ರೆಯ ಸ್ಟಾಪು ಬಿಟ್ಟು ಬೇರೆ ಕಡೆ ಇಳಿದು ನಡೆಯಬೇಡಿ. ನಾನು ಶಿರಾ ಗೇಟಿನವರೆಗೆ ಹೋಗಿ, ಅಲ್ಲಿಂದ ಸುತ್ತಿ ಬಳಸಿ ಬಂದೆ, ಯಾರಾದರೂ ಕಂಡಾರೆಂದು. ಕಂಡವರೆಲ್ಲ ಅಲ್ಲೇ ಕಂಡರು, ಎತ್ತಿನ ಸಮಾಚಾರ ಕೇಳಿದರು, ಸುಳ್ಳು ಹೇಳುತ್ತಾ ಹೇಳುತ್ತಾ ಆಸ್ಪತ್ರೆ ಸೇರಿದೆ. ಇನ್ನೊಂದು: ಪೂರ್ವದ ಬೆಂಚಿನಲ್ಲಿ ಕೂರಬೇಡಿ, ಅಲ್ಲಿ ಬಿಸಿಲು ತಲೆಗೇ ಹೊಡೆಯುತ್ತದೆ.

ಆ ಜಗಲಿಯಲ್ಲಿ ಕಂಡ ಒಂದು ವಿಚಿತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾವೆಲ್ಲ ಒಂದೇ ರೋಗದವರು. ಆದರೂ ಒಬ್ಬರಿಂದೊಬ್ಬರು ಒಂದು ಮಾರು ದೂರ ಕೂತಿದ್ದೆವು. ಯಡಿಯೂರು ಕಡೆಯ ಒಬ್ಬ ಹೆಂಗಸು ಮಡಿಲಿನಿಂದ ಕಡಲೆಕಾಯಿ, ಬೆಲ್ಲ ತೆಗೆದು ನನ್ನ ಕಡೆ ಚಾಚಿದಳು. ಅವಳ ಬೆರಳು ಮಡಚಿಕೊಂಡಿದ್ದವು. ನಾನು ಹೊಟ್ಟೆ ತುಂಬಿದೆ ಎಂದೆ.

"ಯಾಕಣ್ಣ, ನಂದು ನಿಂಗೆ ಹತ್ಕಂತದೆ ಅಂತಾನಾ? ನಿಂಗೆ ಬಂದಿರೋದೂ ಇದೇ ಕಣಣ್ಣ, ಇನ್ನೇನು ಹತ್ತಾದು," ಎಂದು ಆಕೆ ಸೆರಗು ಬಾಯಿಗಿಟ್ಟು ನಕ್ಕಳು.

ಪಕ್ಕದವರೂ ನಕ್ಕರು, ನಾನೂ ನಕ್ಕೆ. ಕಡಲೆಕಾಯಿ ತಿಂದೆ. ಸುಲಿಯುವಾಗ ಒಳಗೆ ಎಲ್ಲೋ ಕಸಿವಿಸಿ. ನನ್ನನ್ನು ಯಾರೂ ದೂರ ಇಡಬಾರದೆಂದು ದಾರಿಯುದ್ದಕ್ಕೂ ಪ್ರಾರ್ಥಿಸಿಕೊಂಡು ಬಂದವನು ನಾನೇ ತಾನೆ?

ಡಾಕ್ಟರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ಹತ್ತಿ ಆಡಿಸಿದರು, ಬಿಸಿನೀರು ತಣ್ಣೀರಿನ ಗಾಜಿನ ಕೊಳವೆ ಮುಟ್ಟಿಸಿ ಯಾವುದು ಯಾವುದೆಂದು ಕೇಳಿದರು, ಮೊಣಕೈ ನರ ಹಿಸುಕಿದರು. ರೋಗದ ಹೆಸರು ಹೇಳಿದರು. ಅದನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ನನಗೆ ಬಂದದ್ದು ಇನ್ನೊಬ್ಬರಿಗೆ ಅಂಟುವ ಬಗೆಯಲ್ಲ, ಮಾತ್ರೆ ತಪ್ಪದೆ ತೆಗೆದುಕೊಂಡರೆ ಹರಡದೆ ನಿಲ್ಲುತ್ತದೆ, ಆದರೆ ಸತ್ತ ಬೆರಳು ಮತ್ತೆ ಚುರುಕಾಗುವುದೆಂದು ಆಸೆ ಇಟ್ಟುಕೊಳ್ಳಬೇಡ ಎಂದರು. ವರ್ಷಗಟ್ಟಲೆ ತಿನ್ನಬೇಕೆಂದರು.

ನಾನು ನಾನೇ. "ಡಾಕ್ಟ್ರೇ, ದಿನಾ ಎರಡೆರಡು ತಗೋತೀನಿ, ಅರ್ಧ ಕಾಲಕ್ಕೆ ಮುಗಿಸ್ಕೊಡಿ," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನೋಡಿದರು. "ಏನ್ ಕಸುಬು ನಿಮ್ಮದು?"

"ಎತ್ತಿನ ದಲ್ಲಾಳಿ."

"ಅದಕ್ಕೇ. ಇಲ್ಲಿ ಟವೆಲ್ ಹಾಕ್ಬೇಡಿ. ಒಂದು ಅಂದ್ರೆ ಒಂದೇ."

ಆ ಮಾತ್ರೆ ಮೊದಮೊದಲು ಹೊಟ್ಟೆ ತೊಳಸುತ್ತದೆ. ಮಜ್ಜಿಗೆ ಕುಡಿದು ನುಂಗಿ. ಬಿಸಿ ಪಾತ್ರೆ ಎಡಗೈಯಲ್ಲಿ ಹಿಡಿಯಿರಿ. ಇರುವೆ ಕಚ್ಚಿದೆಯೇ, ಮುಳ್ಳು ಚುಚ್ಚಿದೆಯೇ ಎಂದು ಮಲಗುವ ಮೊದಲು ಬೆರಳುಗಳನ್ನು ಕಣ್ಣಿನಿಂದ ನೋಡಿ, ಏಕೆಂದರೆ ಅವು ತಾವಾಗಿ ಹೇಳುವುದಿಲ್ಲ. ಮೈ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ಮನಸ್ಸಿನ ವಿಷಯದಲ್ಲಿ ಸಲಹೆ ಕೊಡಲು ನನಗೆ ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಗುಣಮ್ಮ ನನಗೆ ಬೇರೆ ತಟ್ಟೆ ಇಡುತ್ತಾಳೆಂದು ಕಾದೆ. ಇಡಲಿಲ್ಲ. ನಾನೇ ಬೇರೆ ತಟ್ಟೆ ತೆಗೆದುಕೊಂಡೆ. ಅವಳು ಅದನ್ನು ಕಿತ್ತುಕೊಂಡು ನಾಯಿಗೆ ಅನ್ನ ಹಾಕುವ ಜಾಗದಲ್ಲಿಟ್ಟಳು. ಆ ವಿಷಯ ಮತ್ತೆ ಬರಲಿಲ್ಲ. ಆದರೆ ಹೊರಗೆ ಯಾರಿಗೂ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ನಾವಿದ್ದದ್ದು ಬಾಡಿಗೆ ಮನೆ.

ಸಂತೆಯಲ್ಲಿ ನಾನು ಟವೆಲನ್ನು ಹೆಗಲಿಗೇ ಬಿಟ್ಟೆ. ಇನ್ನು ಮುಂದೆ ನನ್ನ ಹತ್ತಿರ ಬಾಯಿಮಾತಿನ ಬೆಲೆ, ಎಲ್ಲರೂ ಕೇಳಿಸಿಕೊಳ್ಳಲಿ ಎಂದೆ. ಬೆರಳು ತಿಳಿಯದವನಿಗೆ ಬೇರೆ ದಾರಿಯೇನಿತ್ತು? ಮೊದಲು ನಕ್ಕರು. ಆಮೇಲೆ ಕೆಲವರು, ಒಮ್ಮೆ ಸಿಕ್ಕಿಬಿದ್ದ ಮೇಲೆ ಯೋಹಾನಪ್ಪ ತಿದ್ದಿಕೊಂಡಿದ್ದಾನೆ, ಈಗ ಅವನದು ಗಾಜಿನಂಥ ವ್ಯಾಪಾರ ಎಂದು ಹೊಗಳಿದರು. ಮೋಸ ಮಾಡದಿದ್ದಾಗ ಮೋಸಗಾರನಾಗಿದ್ದೆ. ಈಗ ಬಚ್ಚಿಟ್ಟುಕೊಂಡು ತಿರುಗುವಾಗ ಗಾಜಿನಂಥವನಾದೆ. ಎಲ್ಲಿ ಲೆಕ್ಕ ತಪ್ಪಿತೆಂದು ತಿಳಿಯಲಿಲ್ಲ.

ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ ಕರ್ತನ ಭೋಜನ: ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಒಂದೇ ಪಾತ್ರೆ, ಎಲ್ಲರ ತುಟಿಗೂ ಅದೇ. ಮೊದಲು ಗಂಡಸರ ಸಾಲು, ಅದರಲ್ಲೂ ಹಿರಿಯರು ಮುಂದೆ, ಆಮೇಲೆ ಹೆಂಗಸರ ಸಾಲು. ಇದನ್ನು ಯಾರೂ ಕಟ್ಟಲೆ ಮಾಡಿದ್ದಲ್ಲ; ಊರಿನ ಊಟದ ಪಂಕ್ತಿ ಹೇಗೋ ಹಾಗೆ ಇದೂ ಬಂದುಬಿಟ್ಟಿತ್ತು. ಭಾನುವಾರ ಓದುವ ವಾಕ್ಯಗಳಲ್ಲಿ ನನ್ನ ರೋಗದವರು ಬರುತ್ತಾರೆ. ಅಲ್ಲಿ ಅವರು ಗುಣವಾದರು ಎನ್ನುವುದಿಲ್ಲ, ಶುದ್ಧರಾದರು ಎನ್ನುತ್ತಾರೆ. ಚಿಕ್ಕಂದಿನಿಂದ ಕೇಳಿದ ಮಾತು. ಈಗ ಅದು ಬಂದಾಗೆಲ್ಲ ಹಿಂದಿನ ಬೆಂಚಿನವರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಜೀವಮಾನವಿಡೀ ಶುದ್ಧವಾಗಿರಲು ನೋಡಿದ್ದು ನಡತೆಯಲ್ಲಿ. ಚರ್ಮದಲ್ಲಿ ಅಲ್ಲ. ಎರಡೂ ಒಂದೇ ಮಾತಾದರೆ ನನ್ನ ಕಥೆ ಏನು?

ಹೊಸ ಸಭಾಪಾಲಕರು ನನಗಿಂತ ಚಿಕ್ಕವರು, ಸೈಕಲ್ಲಿನಲ್ಲಿ ಮನೆ ಮನೆಗೆ ಬರುವವರು. ಸುಗುಣಮ್ಮನನ್ನು ಒಪ್ಪಿಸಿ ಅವರಿಗೆ ಮಾತ್ರ ಎಲ್ಲ ಹೇಳಿದೆ. ಸಭೆಯ ಮುಂದೆಯೂ ಹೇಳಿಬಿಡುತ್ತೇನೆ ಎಂದೆ. ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ ದನಿ ತಗ್ಗಿಸಿದರು.

"ಈಗ ಬೇಡ ಯೋಹಾನಪ್ಪನೋರೆ. ಅಂಟಲ್ಲ ಅಂತ ಡಾಕ್ಟ್ರೇ ಹೇಳವ್ರೆ ಅಲ್ವಾ. ಜನ ಅದನ್ನ ಕೇಳಲ್ಲ. ಸಭೆ ಚಿಕ್ಕದು, ಒಡೆದುಹೋಗುತ್ತೆ."

"ಪಾತ್ರೆ ಮುಟ್ಲೋ ಬೇಡ್ವೋ, ಅದ್ ಹೇಳಿ ಅಯ್ಯನೋರೆ."

"ಮುಟ್ಟಿ. ನಿಮ್ಮ ಮನಸ್ಸಿಗೆ ಸಮಾಧಾನ ಬೇಕು ಅಂದ್ರೆ ಎಲ್ಲಾರೂ ಆದ್ಮೇಲೆ ಬನ್ನಿ."

ಎಲ್ಲರೂ ಆದಮೇಲೆ ಎಂದರೆ ಹೆಂಗಸರೂ ಆದಮೇಲೆ. ಗುಬ್ಬಿಯಲ್ಲಿ ಹೆಂಗಸರ ಸಾಲಿನ ಹಿಂದೆ ಗಂಡಸೊಬ್ಬ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ತಿಂಗಳು ಎಲ್ಲರೂ ತಿರುಗಿ ತಿರುಗಿ ನೋಡಿದರು. ಎರಡನೆಯ ತಿಂಗಳು ಹುಡುಗಿಯರು ಸೆರಗಿನೊಳಗೆ ನಕ್ಕರು. ಸೀರೆ ಉಡಿಸಬೇಕೆಂದು ಯಾರೋ ಅಂದದ್ದು ನನಗೂ ಕೇಳಿಸಿತು. ಅದು ನನಗೆ ಹಾಯೆನಿಸಿತು. ನಗುವವರು ಅನುಮಾನ ಪಡುವುದಿಲ್ಲ.

ತೊಂದರೆ ತಂದಿಟ್ಟವರು ದೇವದಾಸ ಮೇಷ್ಟ್ರು. ಮಿಷನ್ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು, ಸಭೆಯ ಹಿರಿಯರು, ಸಾಲಿನಲ್ಲಿ ಯಾವಾಗಲೂ ಮೊದಲಿಗರು, ಒಳ್ಳೆಯವರು. ಒಂದು ಭಾನುವಾರ ಎದ್ದು ನಿಂತು, ನಾವು ಓದಿದವರು ಮುಂದೆ ನುಗ್ಗುತ್ತಿದ್ದೇವೆ, ದನದ ಸಂತೆಯಲ್ಲಿ ಬದುಕುವ ಈ ಸಹೋದರ ತಾಯಂದಿರ ಹಿಂದೆ ನಿಂತು ನಮಗೆ ದೀನತೆ ಕಲಿಸುತ್ತಿದ್ದಾನೆ ಎಂದು ಹೇಳಿ ಕಣ್ಣೊರೆಸಿಕೊಂಡರು. ಜನರೂ ಕಣ್ಣೊರೆಸಿಕೊಂಡರು. ನಾನು ನೆಲ ನೋಡಿದೆ. ಅದನ್ನೂ ದೀನತೆ ಎಂದುಕೊಂಡರು.

ಸಭಾಪಾಲಕರ ಮುಖ ನೋಡಿದೆ. ಅವರು ಕೀರ್ತನೆ ಹುಡುಕುವವರಂತೆ ಹಾಳೆ ಮಗುಚುತ್ತಿದ್ದರು.

ಮುಂದಿನ ತಿಂಗಳು ಏನಾಯಿತೆಂದರೆ, ಗಂಡಸರು ಯಾರೂ ಏಳಲಿಲ್ಲ. ಅಯ್ಯನವರು ಕರೆದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಕೊನೆಗೆ ಹೆಂಗಸರೇ ಮೊದಲು ಹೋಗಿ ಬಂದರು. ಆಮೇಲೆ ಗಂಡಸರಲ್ಲಿ ನೀವು ಮೊದಲು, ಇಲ್ಲ ನೀವು ಮೊದಲು ಎಂದು ನಡೆಯಿತು. ಮೇಲ್ಜಾತಿಯವರ ಮದುವೆ ಮನೆಯ ಉಪಚಾರದಂತೆ. ಎಲ್ಲರಿಗೂ ಕೊನೆಯಲ್ಲಿ ನಿಲ್ಲುವ ಆಸೆ. ಹೇಗೋ ಒಬ್ಬೊಬ್ಬರಾಗಿ ಮುಂದೆ ಸರಿದು, ಕಡೆಗೆ ಉಳಿದದ್ದು ನಾನು ಮತ್ತು ಮೇಷ್ಟ್ರು. ಅವರು ನನ್ನ ಬೆನ್ನ ಹಿಂದೆ ಬಂದು ನಿಂತರು.

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ತಲೆಯಾಡಿಸಿದರು.

"ನಡೀರಿ ಯೋಹಾನಪ್ಪ. ಇವತ್ತು ನಾನು ನಿಮ್ಮ ಹಿಂದೆ."

"ಬೇಡ ಮೇಷ್ಟ್ರೇ. ನೀವು ಮುಂದೆ ಹೋಗಿ."

"ಇಷ್ಟು ವರ್ಷ ಮುಂದೆ ನಿಂತು ನಿಂತು ಸಾಕಾಗಿದೆ ಕಣ್ರಿ. ಇದೊಂದು ಭಾಗ್ಯ ನಂಗೂ ಬಿಟ್ಕೊಡಿ."

ಹೀಗೆ ಎರಡು ಮೂರು ಸಲ ಆಯಿತು. ಅಯ್ಯನವರು ಪಾತ್ರೆ ಹಿಡಿದುಕೊಂಡು ನಿಂತಿದ್ದಾರೆ, ಸಭೆಯೆಲ್ಲ ಮೆಚ್ಚಿ ನೋಡುತ್ತಿದೆ. ನನ್ನ ತಲೆಯಲ್ಲಿ ವ್ಯಾಪಾರ ಓಡುತ್ತಿತ್ತು. ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಮೊದಲು ಕುಡಿದು ಎದ್ದು ಬಂದರೆ ಮೇಷ್ಟ್ರಿಗೆ ಏನೂ ಆಗುವುದಿಲ್ಲ, ಮನೆ ಉಳಿಯುತ್ತದೆ, ಸಭೆ ಉಳಿಯುತ್ತದೆ, ಸುಗುಣಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತದೆ. ಯಾವ ಕಡೆಯಿಂದ ನೋಡಿದರೂ ಲಾಭದ ವ್ಯಾಪಾರ. ಆದರೆ ತಿಳಿಯದೆ ಕುಡಿಯುವವನು ಅವರು, ತಿಳಿದು ಕೊಡುವವನು ನಾನು. ಅವರಿಗೊಂದು ಬೆಲೆ, ನನಗೊಂದು ಬೆಲೆ. ಟವೆಲು ಇಲ್ಲಿಯೂ ಇತ್ತು.

ಹೆಂಗಸರ ಬೆಂಚಿನಲ್ಲಿ ಸುಗುಣಮ್ಮ ನನ್ನ ಕಡೆಯೇ ನೋಡುತ್ತಿದ್ದಳು. ತಲೆ ಆಡಿಸಲಿಲ್ಲ, ಕಣ್ಣೂ ಮುಚ್ಚಲಿಲ್ಲ.

"ಮೇಷ್ಟ್ರೇ, ನಂಗೆ ದೊಡ್ಡ ರೋಗ ಬಂದಿದೆ. ಮಾತ್ರೆ ತಗೋತಿದೀನಿ. ಅದಕ್ಕೇ ಹಿಂದೆ ನಿಲ್ತಿದ್ದೆ. ದೀನತೆ ಅಲ್ಲ," ಎಂದೆ.

ಮೆಲ್ಲಗೆ ಹೇಳಿದೆನೆಂದುಕೊಂಡಿದ್ದೆ. ಸಂತೆಯಲ್ಲಿ ಬೆಲೆ ಕೂಗಿ ಅಭ್ಯಾಸವಾದ ಗಂಟಲು, ಗೋಡೆಯವರೆಗೂ ಕೇಳಿಸಿತು.

ಮೇಷ್ಟ್ರು ನನ್ನ ಪಕ್ಕದಿಂದ ಮುಂದೆ ಹೋಗಿ ಮೊಣಕಾಲೂರಿದರು, ಕುಡಿದರು, ನನ್ನನ್ನು ಸುತ್ತಿ ಬಳಸಿ ಬೆಂಚಿಗೆ ಹೋದರು. ಆಮೇಲೆ ನಾನು ಹೋದೆ. ಅಯ್ಯನವರು ಪಾತ್ರೆಯನ್ನು ನನ್ನ ತುಟಿಗೆ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿದರು. ಹೆದರಿಯೋ, ನಾಚಿಯೋ ಹೇಳಲಾರೆ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಮನೆ ಬಿಡಬೇಕಾಯಿತು. ಊರ ಹೊರಗೆ ಹೆಂಚು ಒಡೆದ ಒಂದು ಮನೆ ಹಿಡಿದೆವು, ಅದನ್ನೂ ಚೌಕಾಸಿ ಮಾಡಿಯೇ ಹಿಡಿದೆ. ಸುಗುಣಮ್ಮ ಸಾಮಾನು ಕಟ್ಟುವಾಗ ಒಂದೇ ಸಲ ಅತ್ತಳು, ಅದೂ ಬೀಸುವ ಕಲ್ಲು ಎತ್ತಲಾರದೆ. ಕೊಟ್ಟ ಮಾತು ಮುರಿದೆನಲ್ಲ ಎಂದಾಗ, "ನೀವು ಹೇಳ್ದೆ ಇದ್ದಿದ್ರೆ ಮೇಷ್ಟ್ರ ಮುಖ ನಾನು ಹೆಂಗ್ ನೋಡ್ಲಿ," ಎಂದು ಕಲ್ಲಿನ ಆ ಕಡೆ ಹಿಡಿದಳು. ಹಾಗಿದ್ದರೆ ಆ ಮಾತು ಯಾಕೆ ತೆಗೆದುಕೊಂಡಿದ್ದಳೋ.

ಸುದ್ದಿ ಕುಣಿಗಲ್ ಮುಟ್ಟಿತು. ಸಂತೆಯಲ್ಲಿ ನನ್ನ ಹತ್ತಿರ ಬರುವವರು ಕಡಿಮೆಯಾದರು. ಒಂದು ವಾರ ನಂಜೇಗೌಡರು ಬಂದು ಸ್ವಲ್ಪ ದೂರದಲ್ಲೇ ನಿಂತು, "ಅವತ್ತು ಆ ಬೆರಳು ನಿಂಗೆ ತಿಳೀನೇ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಹಂಗಾರೆ ಬಾಯಲ್ಲೇ ಹೇಳು, ಆ ಹಸು ಬೆಲೆ ಏನು," ಎಂದರು. ಹತ್ತಿರ ಬರಲಿಲ್ಲ. ವ್ಯಾಪಾರ ಬಿಡಲೂ ಇಲ್ಲ. ಕ್ಷಮಿಸಿದರೋ, ಹಸು ಬೇಕಾಗಿತ್ತೋ.

ಸಭೆಯಲ್ಲಿ ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ. ಆದರೆ ಮುಂದಿನ ಭೋಜನದ ಭಾನುವಾರ ಕೊನೆಯ ಜಾಗಕ್ಕೆ ಪೈಪೋಟಿ ನಿಂತುಹೋಗಿತ್ತು. ಗಂಡಸರು ಕರೆದ ತಕ್ಷಣ ಎದ್ದರು. ಹೆಂಗಸರು ಅವರ ಬೆನ್ನಿಗೇ ಹೋದರು. ನನಗೂ ಅವರಿಗೂ ನಡುವೆ ನಾಲ್ಕು ಜನ ನಿಲ್ಲುವಷ್ಟು ನೆಲ ಖಾಲಿ. ನಾನು ಒಬ್ಬನೇ ನಡೆದು ಹೋಗುವಾಗ ಹಿಂದೆ ಕೋಲಿನ ಸದ್ದು ಕೇಳಿಸಿತು.

ಜ್ಞಾನಮ್ಮ ಎಂಬ ಮುದುಕಿ. ಮಿಷನ್ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಮಾಡಿ ವಯಸ್ಸಾದವರು, ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಜೋರು. ನನ್ನ ಹಿಂದೆ ಬಂದು ನಿಂತಿದ್ದರು. ಮುಂದೆ ಹೋಗಿ ಎಂದು ಸನ್ನೆ ಮಾಡಿದೆ.

"ಮಂಡಿ ನೋವು ಕಣಪ್ಪ," ಎಂದರು ಸಭೆಗೆಲ್ಲ ಕೇಳಿಸುವಂತೆ. "ಆ ಹೆಣ್ಮಕ್ಳ ಜೊತೆ ನೂಕಾಡಕ್ಕಾಗಲ್ಲ. ನೀನು ನಡಿ, ನಾನು ನಿಧಾನಕ್ಕೆ ಬರ್ತೀನಿ."

"ನನ್ ವಿಷ್ಯ ಗೊತ್ತಲ್ವಾ ಅಮ್ಮ."

"ನಂಗೆ ಕಿವಿ ನೆಟ್ಟಗೈತೆ. ಮಂಡಿ ನೆಟ್ಟಗಿಲ್ಲ. ನಡಿ ಅಂದ್ನಲ್ಲ."

ನಾನು ಕುಡಿದೆ. ಪಾತ್ರೆಯ ಅದೇ ಅಂಚಿನಲ್ಲಿ ಅವರು ಕುಡಿದರು. ಒರೆಸಲು ಅಯ್ಯನವರು ಬಟ್ಟೆ ಎತ್ತಿದಾಗ, "ಅದೆಲ್ಲ ಯಾಕೆ, ಮಂಡಿ ಊರ್ಕೊಂಡು ಎಷ್ಟೊತ್ತಿರ್ಲಿ," ಎಂದು ಗದರಿದರು.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಹೀಗೆಯೇ. ಒಮ್ಮೆ ಅವರು ಹಾಸ್ಟೆಲಿನ ಮಕ್ಕಳಿಗೆ ಹೇಳಿದ್ದಂತೆ, ಆ ದಲ್ಲಾಳಪ್ಪನ ಹಿಂದೆ ಜಾಗ ಸಾಕಷ್ಟು ಖಾಲಿ ಇರುತ್ತೆ, ನಂಗೆ ಅದೇ ಅನುಕೂಲ ಎಂದು. ಅದು ಕೇಳಿ ನನಗೆ ಪಿಚ್ಚೆನಿಸಿತು. ಪ್ರೀತಿ ಎಂದುಕೊಂಡಿದ್ದೆ, ಇದು ಬರೀ ಮಂಡಿ ನೋವೇ ಇರಬೇಕು ಎಂದುಕೊಂಡೆ.

ಆಮೇಲೆ ಒಂದು ದಿನ ತುಮಕೂರು ಬಸ್ಸು ಹೊರಟಿತ್ತು, ನಾನು ಮಾತ್ರೆ ತರಲು ಒಳಗೆ ಕೂತಿದ್ದೆ. ಕಿಟಕಿಯಿಂದ ನೋಡಿದರೆ ಜ್ಞಾನಮ್ಮ ಸೊಪ್ಪಿನ ಗಂಟು ಕಂಕುಳಲ್ಲಿ, ಕೋಲು ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನ ಹಿಂದೆ ಓಡಿ ಬರುತ್ತಿದ್ದರು. ಒಳ್ಳೆ ಪಡ್ಡೆಯ ಓಟ. ಕಂಡಕ್ಟರು ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲು ಹತ್ತಿದ್ದರು. ನಾನು ಮುಖ ಕಿಟಕಿ ಕಡೆ ತಿರುಗಿಸಿಕೊಂಡೆ. ಅವರು ನನ್ನನ್ನು ನೋಡಿದರೋ ಇಲ್ಲವೋ. ನನ್ನನ್ನು ದಾಟಿ ಮುಂದೆ ಹೋಗಿ ಕೂತು, ಕಂಡಕ್ಟರ ಜೊತೆ ಚಿಲ್ಲರೆಗೆ ಜಗಳ ಶುರುಮಾಡಿದರು.

ನಾನು ಕೇಳಲಿಲ್ಲ. ಎತ್ತಿನ ವಯಸ್ಸನ್ನು ಒಂದು ನೋಟಕ್ಕೆ ಹೇಳುವವನು, ಆ ಮುದುಕಿಯ ಮಂಡಿಯ ನಿಜ ಇವತ್ತಿನವರೆಗೂ ಗೊತ್ತುಮಾಡಿಕೊಂಡಿಲ್ಲ. ಮಂಡಿ ನೋವು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಇಲ್ಲವಾದರೆ ಜೀವಮಾನವೆಲ್ಲ ಸುಳ್ಳು ಹೇಳದೆ ಬದುಕಿದ ಹೆಂಗಸು ದೇವರ ಮನೆಯಲ್ಲೇ ತಿಂಗಳು ತಿಂಗಳು ಸುಳ್ಳು ಹೇಳುತ್ತಿದ್ದರು. ನಿಷ್ಕಪಟವಾಗಿ ಬದುಕುವುದೆಂದರೆ ಏನೆಂದು ನಾನು ತಿಳಿದಿದ್ದೆನೋ, ಅದರಲ್ಲಿ ಇದನ್ನು ಎಲ್ಲಿ ಇಡಬೇಕೆಂದು ಗೊತ್ತಾಗುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಡಾಕ್ಟರು ಮೈಯೆಲ್ಲ ನೋಡಿ, ಇನ್ನು ಮಾತ್ರೆ ಬೇಡ, ಹೋಗಿ ಎತ್ತು ಮಾರಿ ಎಂದರು. ಬೆರಳು ಮಾತ್ರ ಹಾಗೆಯೇ. ಅಯ್ಯನವರು ಸಭೆಗೆ ತಿಳಿಸಿದರು. ಮೇಷ್ಟ್ರು ಎದ್ದು ಬಂದು, ಇನ್ನು ಗಂಡಸರ ಸಾಲಿಗೆ ಬನ್ನಿ ಎಂದು ಕರೆದರು. ನಾನು ಹೋಗಬೇಕೆಂದೇ ಎದ್ದಿದ್ದೆ. ಹಿಂದಿನ ಬೆಂಚಿನಿಂದ ದನಿ ಬಂತು.

"ಅವನು ಹೋದ್ರೆ ನನ್ನ ಕೈ ಹಿಡ್ಕಣೋರ್ಯಾರು? ಇವತ್ತು ಮಂಡಿ ಭಾಳ ಎಳೀತದೆ."

ಅವರು ಕೋಲನ್ನು ಬೆಂಚಿಗೆ ಒರಗಿಸಿ ಕೈ ಚಾಚಿದ್ದರು. ನಾನು ಎಡಗೈ ಕೊಡಹೋದೆ. ಅವರು ಆ ಕೈ ತಳ್ಳಿ ಬಲಗೈಯನ್ನೇ ಹಿಡಿದರು. ಎಲ್ಲರೂ ಆದಮೇಲೆ ನಾವಿಬ್ಬರೂ ನಿಧಾನವಾಗಿ ನಡೆದೆವು. ಅವರ ಹಿಡಿತ ನನಗೆ ತೋರುಬೆರಳಿನಲ್ಲಿ ತಿಳಿಯುತ್ತಿತ್ತು, ನಡುಬೆರಳಿನಲ್ಲಿ ತಿಳಿಯುತ್ತಿತ್ತು. ಎರಡು ಎಂದುಕೊಂಡೆ. ಆಮೇಲೆ ಹಳೆಯದು ನೆನಪಾಗಿ ಬಗ್ಗಿ ನೋಡಿದೆ.

ನಾಲ್ಕನ್ನೂ ಹಿಡಿದಿದ್ದರು.